ಗೇಮ್ ಬಾಯ್ ಬಿಚ್ಚುವ ಮುಂಚೆ ಆ ಪೇಸ್ಟ್ ಡಬ್ಬಿಯನ್ನು ಆಚೆ ಇಡಿ

ಆನ್‌ಲೈನಿನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ ಸೋಲ್ಡರಿಂಗ್ ಕಿಟ್ ತರಿಸಿ, ಹಳೆ ಗೇಮ್ ಕನ್ಸೋಲ್ ಬಿಚ್ಚುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಅದರಲ್ಲಿರುವ ಸ್ಟ್ಯಾಂಡು, ಚಿಮಟ, ಸೀಸ (ಬೆಸುಗೆಯ ಲೋಹಕ್ಕೆ ನಾವು ಹಾಗೇ ಅನ್ನುವುದು) ಹೀರುವ ಪಂಪು ಪರವಾಗಿಲ್ಲ. ಸೀಸ ಕರಗಿಸುವ ಐರನ್ನಿನ ತೊಂದರೆ ಆಮೇಲೆ ಹೇಳುತ್ತೇನೆ. ಆದರೆ ಜೊತೆಗೆ ಒಂದು ಸಣ್ಣ ಪೇಸ್ಟ್ ಡಬ್ಬಿ ಬರುತ್ತದಲ್ಲ, ಸೀಸ ಸಲೀಸಾಗಿ ಹಿಡಿಯಲಿ ಅಂತ ಹಚ್ಚುವುದು, ಅದು ಕನ್ಸೋಲಿನ ಒಳಗಿನ ಸರ್ಕ್ಯೂಟ್ ಬೋರ್ಡನ್ನು ತಿನ್ನುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಂತೂ ಬೇಗ ಬೇಗ ತಿನ್ನುತ್ತದೆ. ನಮ್ಮ ಮನೆಯ ಗೇಮ್ ಬಾಯ್ ಅಡ್ವಾನ್ಸ್, ಅಂದರೆ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್, ಹಾಗೇ ಹಾಳಾಯಿತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹುಡುಗರು ಇಂಥದೇ ಕಿಟ್ ತರಿಸುವುದನ್ನು ನೋಡುತ್ತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಗೇಮ್ ಬಾಯ್ ಅಡ್ವಾನ್ಸ್ ಬಂದದ್ದು 2001ರಲ್ಲಿ. ಗಟ್ಟಿ ಯಂತ್ರ, ಎರಡು ಪೆನ್ಸಿಲ್ ಸೆಲ್ ಹಾಕಿದರೆ ಸಾಕು. ಒಂದೇ ಕೊರತೆ ಅಂದರೆ ಅದರ ಪರದೆಗೆ ಸ್ವಂತ ಬೆಳಕಿಲ್ಲ. ಬಿಸಿಲಿನಲ್ಲೋ ಬಲ್ಬಿನ ಕೆಳಗೋ ಹಿಡಿದು ಆಡಬೇಕು. ಮಲೆನಾಡಿನ ಆಷಾಢದಲ್ಲಿ ಬಿಸಿಲು ಎಲ್ಲಿಂದ ತರುವುದು? ಅಕ್ಕನ ಮಗನಿಗೆ ಅವನ ದೊಡ್ಡಪ್ಪ ದುಬೈಯಿಂದ ತಂದಿದ್ದ ಹಳೆಯದೊಂದು ಸಿಕ್ಕಿತ್ತು. ಅದಕ್ಕೆ ಸ್ವಂತ ಬೆಳಕಿರುವ ಹೊಸ ಐಪಿಎಸ್ ಪರದೆ ಹಾಕುತ್ತೇನೆ ಅಂತ ಕೂತ. ಕಾಲೇಜಿಗೆ ಹೋಗುವ ಹುಡುಗ ಮೊಬೈಲ್ ಕೆಳಗಿಟ್ಟು ಸ್ಕ್ರೂಡ್ರೈವರ್ ಹಿಡಿಯುತ್ತೇನೆ ಅಂದರೆ ಬೇಡ ಅನ್ನುವ ಮಾವ ನಾನಲ್ಲ.

ಈ ಕೆಲಸದಲ್ಲಿ ಬೆಸುಗೆ ಇರುವುದು ಬಹಳ ಕಡಿಮೆ. ಪರದೆಯ ರಿಬ್ಬನ್ ಕೇಬಲ್ ತನ್ನ ಜಾಗದಲ್ಲಿ ಸಿಕ್ಕಿಸಿದರೆ ಮುಗಿಯಿತು. ಬಟನ್ನಿನಿಂದಲೇ ಬೆಳಕು ಜಾಸ್ತಿ ಕಡಿಮೆ ಮಾಡಬೇಕು ಅಂದರೆ ಮಾತ್ರ ಮೂರು ತಂತಿ ಹಾಕಬೇಕು: ಸೆಲೆಕ್ಟ್, ಆರ್, ಎಲ್. ಬೋರ್ಡಿನ ಮೇಲೆ ಅವಕ್ಕೆ ಟಿಪಿ2, ಟಿಪಿ8, ಟಿಪಿ9 ಅಂತ ಸಣ್ಣ ತಾಮ್ರದ ಪ್ಯಾಡುಗಳಿವೆ. ಹೊಸಬರು ಕಲಿಯಲು ಇದಕ್ಕಿಂತ ಸುಲಭದ ಕೆಲಸ ಸಿಗುವುದಿಲ್ಲ. ಹುಡುಗ ಮೊದಲು ಗುಜರಿಯಿಂದ ತಂದ ಸೆಟ್ ಟಾಪ್ ಬಾಕ್ಸಿನ ಬೋರ್ಡಿನ ಮೇಲೆ ಕೈ ಪಳಗಿಸಿಕೊಂಡ. ಆಮೇಲೆ ಗೇಮ್ ಬಾಯಿಗೆ ಕೈ ಹಾಕಿದ. ಮೂರೂ ಬೆಸುಗೆ ಹೊಳೆಯುತ್ತಿದ್ದವು. ಪರದೆ ಬೆಳಗಿತು. ಮನೆಯವರೆಲ್ಲ ಸುತ್ತ ಕೂತು ನೋಡಿದೆವು.

ಪೇಸ್ಟ್ ಡಬ್ಬಿಯ ಮೇಲೆ ‘ನೋ ಕ್ಲೀನ್’ ಅಂತ ದೊಡ್ಡದಾಗಿ ಅಚ್ಚಾಗಿತ್ತು. ಅಂದರೆ ಬೆಸುಗೆ ಆದ ಮೇಲೆ ಒರೆಸಬೇಕಾಗಿಲ್ಲ, ಉಳಿದದ್ದು ಏನೂ ಮಾಡುವುದಿಲ್ಲ ಅಂತ. ಮಾರುವವರು ವಿವರದಲ್ಲಿ ರೋಸಿನ್ ಪೇಸ್ಟ್ ಅಂತಲೂ ಬರೆದಿದ್ದರು. ರೋಸಿನ್ ಅಂದರೆ ಪೈನ್ ಮರದ ರಾಳದಿಂದ ಮಾಡಿದ್ದು, ರೇಡಿಯೊ ರಿಪೇರಿಯವರು ಕಾಲದಿಂದ ಬಳಸುವಂಥದು. ಹುಡುಗ ಡಬ್ಬಿ ಹೇಳಿದ ಹಾಗೇ ಮಾಡಿದ, ಒರೆಸಲಿಲ್ಲ.

ಪುನರ್ವಸು ಮಳೆ ಹಿಡಿದುಕೊಂಡ ಹೊತ್ತಿಗೆ ಆಟ ಆಡುವಾಗ ಬೆಳಕು ತಾನೇ ಏರುವುದು, ಇಳಿಯುವುದು ಶುರುವಾಯಿತು. ಆಮೇಲೆ ಎಲ್ ಬಟನ್ ಯಾರೂ ಮುಟ್ಟದೆಯೂ ಒತ್ತಿದ ಹಾಗೆ ಕೆಲಸ ಮಾಡತೊಡಗಿತು. ಸಾಫ್ಟ್‌ವೇರ್ ತೊಂದರೆ ಇರಬೇಕು ಅಂತ ಹುಡುಗ, ಕಾರ್ಟ್ರಿಜ್ ಸರಿಯಿಲ್ಲ ಅಂತ ಅವನ ಗೆಳೆಯ. ಬಿಚ್ಚಿ ನೋಡಿದರೆ ಮೂರೂ ಬೆಸುಗೆಯ ಸುತ್ತ ಹಸಿರು ಹುಡಿ. ಟಿಪಿ9ರ ಹತ್ತಿರ ಒದ್ದೆ ಒದ್ದೆ, ಜಿಗುಟು. ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿದರೆ ಪ್ಯಾಡ್ ತಂತಿಯ ಸಮೇತ ಎದ್ದು ಬಂತು.

ಶಿವಮೊಗ್ಗದ ಗಾಂಧಿ ಬಜಾರಿನ ಕಡೆ ಹಳೆಯ ಟೀವಿ ರಿಪೇರಿಯವರೊಬ್ಬರ ಹತ್ತಿರ ಹೋದೆವು. ಅವರು ಬೋರ್ಡನ್ನು ದೀಪಕ್ಕೆ ಹಿಡಿದರು. ಕೇಳಿದ ಮೊದಲ ಮಾತೇ, “ಎಂತ ಪೇಸ್ಟ್ ಹಾಕಿದ್ದು ಮಾರಾಯ್ರೆ ಇದಕ್ಕೆ?”

“ನೋ ಕ್ಲೀನ್ ಅಂತ ಬರೆದಿತ್ತು ಅಂಕಲ್,” ಅಂದ ಹುಡುಗ.

“ಬರೆಯೋಕೆ ಎಂತ? ಡಬ್ಬಿ ಮೇಲೆ ಶ್ರೀಗಂಧ ಅಂತಾನೂ ಬರೀಬಹುದು. ಇದು ತಗಡಿನ ಕೆಲಸದವರ ಪೇಸ್ಟ್.”

ಅವರು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ಸೇರಿಸಿ ಹೇಳುತ್ತೇನೆ. ಕೊಡ, ಬಕೆಟ್, ಸೂರಿನ ತಗಡಿನ ದೋಣಿ ಬೆಸೆಯುವವರಿಗೆ ತುಕ್ಕು ಹಿಡಿದ ಲೋಹದ ಮೇಲೂ ಸೀಸ ಹಿಡಿಯಬೇಕು. ಅದಕ್ಕೆ ಅವರ ಪೇಸ್ಟಿನಲ್ಲಿ ಸತುವಿನ ಕ್ಲೋರೈಡ್, ಇಲ್ಲ ನವಸಾಗರ ಇರುತ್ತದೆ. ಬಿಸಿ ತಾಗಿದಾಗ ಅದು ಆಸಿಡ್ಡಿನ ಕೆಲಸ ಮಾಡಿ ಕೊಳೆಯನ್ನು ಕಿತ್ತು ಹಾಕುತ್ತದೆ. ಕೆಲಸ ಮುಗಿದ ಮೇಲೆ ಅವರು ಕೊಡವನ್ನು ನೀರಿನಲ್ಲಿ ತೊಳೆಯುತ್ತಾರೆ, ಅಲ್ಲಿಗೆ ಸರಿಹೋಯಿತು. ಬೋರ್ಡಿನ ಮೇಲೆ ಅದು ಹಾಗೇ ಕೂತಿರುತ್ತದೆ. ಈ ಸತುವಿನ ಕ್ಲೋರೈಡಿಗೆ ಗಾಳಿಯಿಂದ ನೀರು ಎಳೆದುಕೊಳ್ಳುವ ಗುಣವಿದೆ. ಮಳೆಗಾಲದಲ್ಲಿ ಅಡಿಗೆಮನೆಯ ಕಲ್ಲುಪ್ಪು ನೀರೊಡೆಯುತ್ತದಲ್ಲ, ಹಾಗೆ. ನೀರು ಸೇರಿದ ಮೇಲೆ ಅದು ತಾಮ್ರವನ್ನೂ ತಿನ್ನುತ್ತದೆ, ಕರೆಂಟನ್ನೂ ಹರಿಸುತ್ತದೆ. ಗೇಮ್ ಬಾಯಿನಲ್ಲಿ ಬಟನ್ ಒತ್ತುವುದು ಅಂದರೆ ಆ ಬಿಂದುವನ್ನು ಗ್ರೌಂಡಿಗೆ ತಾಗಿಸುವುದು, ಅಷ್ಟೇ. ನಮ್ಮ ಎಲ್ ಬಟನ್ನನ್ನು ಆ ಜಿಗುಟು ನೀರೇ ಒತ್ತುತ್ತಿತ್ತು.

ಒಣ ಊರಿನಲ್ಲಿ ಇದೇ ಪೇಸ್ಟ್ ಹಾಕಿದವರಿಗೆ ವರ್ಷಗಟ್ಟಲೆ ಏನೂ ಕಾಣದೇ ಇರಬಹುದು. ಹಾಗಾಗಿಯೇ ಕಿಟ್ಟಿನ ಕೆಳಗೆ ಅಷ್ಟೊಂದು ಐದು ನಕ್ಷತ್ರ. ನಮ್ಮ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬೋರ್ಡು ಒಣಗಿರುತ್ತದೆಯೇ? ವಿಮರ್ಶೆ ಬರೆದವರು ಬೆಸುಗೆ ಹಾಕಿದ ದಿನವೇ ಬರೆದಿರುತ್ತಾರೆ. ಮೋಸ ಇರುವುದೂ ಅಲ್ಲೇ. ಈ ಪೇಸ್ಟ್ ಮೊದಲ ದಿನ ಒಳ್ಳೆಯ ಪೇಸ್ಟಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಸೀಸ ತಾನಾಗಿ ಓಡಿ ಬಂದು ಕೂರುತ್ತದೆ. ಕಲಿಯುವವನಿಗೆ ತನ್ನ ಕೈ ಕುದುರಿತು ಅನ್ನಿಸುತ್ತದೆ.

ಗುರುತು ಹಿಡಿಯಲು ಆ ರಿಪೇರಿಯವರು ತೋರಿಸಿದ ಉಪಾಯ ಇದು. ಒಂದು ಸಾದಾ ಕಬ್ಬಿಣದ ಮೊಳೆ ತೆಗೆದುಕೊಳ್ಳಿ, ಮೇಲೆ ಹೊಳಪಿನ ಲೇಪ ಇರಬಾರದು. ಸ್ವಲ್ಪ ಉಪ್ಪುಕಾಗದ ಉಜ್ಜಿ, ಪೇಸ್ಟ್ ಹಚ್ಚಿ, ಐರನ್ನಿನಿಂದ ಕಾಯಿಸಿ ಸೀಸ ಮುಟ್ಟಿಸಿ. ಸಾದಾ ರೋಸಿನ್ ಆದರೆ ಸೀಸ ಮೊಳೆಗೆ ಹಿಡಿಯಲು ಒದ್ದಾಡುತ್ತದೆ, ಗುಂಡಾಗಿ ಜಾರುತ್ತದೆ. ಸಲೀಸಾಗಿ ಹರಡಿ ಕೂತರೆ ಪೇಸ್ಟ್ ಮೇಲೆ ಅನುಮಾನ ಇಟ್ಟುಕೊಳ್ಳಿ. ಖಾತ್ರಿ ಬೇಕಾದರೆ ಎರಡು ತುಂಡು ತಾಮ್ರದ ತಂತಿಗೆ ಬೆಸುಗೆ ಹಾಕಿ, ಒಂದಕ್ಕೆ ಈ ಪೇಸ್ಟ್ ಹಚ್ಚಿ, ಇನ್ನೊಂದಕ್ಕೆ ಬೇಡ. ಎರಡನ್ನೂ ಮಳೆಗಾಲದ ಕಿಟಕಿಯಲ್ಲಿಟ್ಟು ಮರೆತುಬಿಡಿ. ಪೇಸ್ಟ್ ಹಚ್ಚಿದ ತಂತಿಯ ಸುತ್ತ ಒರಟು ಹಸಿರು ಹುಡಿ ಕಟ್ಟಿ, ತಾಮ್ರ ಗುಳಿ ಬಿದ್ದಿದ್ದರೆ ಮತ್ತೆ ಕೇಳುವುದೇ ಬೇಡ.

ಅಸಲಿಗೆ ಮೂರು ತಂತಿ ಹಾಕಲು ಬೇರೆ ಪೇಸ್ಟೇ ಬೇಡ. ಒಳ್ಳೆಯ ಸೋಲ್ಡರ್ ವೈರಿನ ಹೊಟ್ಟೆಯೊಳಗೇ ರೋಸಿನ್ ಇರುತ್ತದೆ. 63/37 ಅಂತ ಬರೆದ ತೆಳ್ಳಗಿನ ವೈರ್ ಕೇಳಿ, ಅಂದರೆ 63 ಭಾಗ ತವರ, 37 ಭಾಗ ಅಸಲಿ ಸೀಸ (ಲೆಡ್). ಅದು 183 ಡಿಗ್ರಿಗೆ ಒಮ್ಮೆಲೇ ಕರಗುತ್ತದೆ, ಒಮ್ಮೆಲೇ ಗಟ್ಟಿಯಾಗುತ್ತದೆ. ಕಿಟ್ಟಿನ ವೈರಿನ ಮೇಲೆ ಯಾವ ಅಂಕಿಯೂ ಇರಲಿಲ್ಲ. ತವರ ದುಬಾರಿ ಅಂತ ಕಡಿಮೆ ಹಾಕಿದ ವೈರ್ ಬೇರೆ ಥರ. 40 ಭಾಗ ತವರದ ವೈರ್ ಪೂರ್ತಿ ಕರಗಲು 238 ಡಿಗ್ರಿ ಬೇಕು, ಅಲ್ಲಿಯವರೆಗೆ ಕೆಸರಾಗಿರುತ್ತದೆ. ಆ ಹೊತ್ತಿನಲ್ಲಿ ಕೈ ಅಲ್ಲಾಡಿದರೆ ಬೆಸುಗೆ ಒಳಗೇ ಬಿರುಕು.

ಐರನ್ ಬಗ್ಗೆಯೂ ಒಂದೆರಡು ಮಾತು. ನಮ್ಮದು 60 ವಾಟಿನದು, ಹಿಡಿಯಲ್ಲಿ 200ರಿಂದ 450 ಡಿಗ್ರಿ ಅಂತ ಬರೆದ ತಿರುಪು. ಒಳಗೆ ಬಿಸಿ ಅಳೆಯುವ ಸೆನ್ಸಾರ್ ಏನೂ ಇಲ್ಲ, ಬರೀ ಡಿಮ್ಮರ್. ಸಂಜೆ ನಮ್ಮ ಕಡೆ ವೋಲ್ಟೇಜ್ 170ಕ್ಕೆ ಇಳಿಯುವುದು ಹೊಸದಲ್ಲ. ಆಗ 60 ವಾಟಿನ ಐರನ್ 33 ವಾಟಿನ ಹತ್ತಿರ ಬಂದು ನಿಲ್ಲುತ್ತದೆ, ಯಾಕೆಂದರೆ ಶಕ್ತಿ ಇಳಿಯುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. ತಿರುಪು ಮಾತ್ರ 350 ಅನ್ನುತ್ತಲೇ ಇರುತ್ತದೆ. ಸೀಸ ಕರಗಲಿಲ್ಲ ಅಂತ ಹೊಸಬರು ಒತ್ತಿ ಹಿಡಿಯುತ್ತಾರೆ, ಪ್ಯಾಡಿನ ಅಂಟು ಬಿಡುತ್ತದೆ. ಬೆಳಿಗ್ಗೆ ವೋಲ್ಟೇಜ್ ಸರಿ ಇರುವಾಗ ಕೆಲಸ ಮಾಡಿ. ಪ್ಲಗ್ಗಿಗೆ ಎರಡೇ ಪಿನ್ ಇದ್ದರೆ ಬಿಸಿಯಾದ ಬಿಟ್ಟಿಗೆ, ಅಂದರೆ ಐರನ್ನಿನ ತುದಿಗೆ, ಟೆಸ್ಟರ್ ಮುಟ್ಟಿಸಿ ನೋಡಿ. ನಮ್ಮದರಲ್ಲಿ ಟೆಸ್ಟರ್ ಉರಿಯಿತು. ಅಂಥ ಬಿಟ್ಟನ್ನು ಕನ್ಸೋಲಿನ ಚಿಪ್ಪಿನ ಹತ್ತಿರ ಒಯ್ಯಬೇಡಿ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಮೂರು ಪಿನ್ನಿನ, ಬಿಸಿ ಹಿಡಿತದಲ್ಲಿಡುವ ಸೋಲ್ಡರಿಂಗ್ ಸ್ಟೇಷನ್ ತೆಗೆದುಕೊಳ್ಳಿ. ಪಿಎಸ್‌ಪಿ, ಡಿಎಸ್ ಥರದ, ಚಾರ್ಜ್ ಮಾಡುವ ಕನ್ಸೋಲ್ ಆದರೆ ಮೊದಲು ಬ್ಯಾಟರಿ ತೆಗೆದಿಡಿ.

ಹೊಗೆಯ ವಿಷಯ. ಮಳೆಗೆ ಕಿಟಕಿ ಬಾಗಿಲು ಹಾಕಿಕೊಂಡು ಬೆಸುಗೆ ಹಾಕಬೇಡಿ. ರೋಸಿನ್ ಹೊಗೆಯೂ ಉಬ್ಬಸ ತರಬಲ್ಲದು, ಪಕ್ಕಕ್ಕೊಂದು ಸಣ್ಣ ಫ್ಯಾನ್ ಇರಲಿ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಮಂಡಕ್ಕಿ ತಟ್ಟೆಗೆ ಕೈ ಹಾಕಬೇಡಿ.

ಈಗಾಗಲೇ ಆ ಪೇಸ್ಟ್ ಹಚ್ಚಿಬಿಟ್ಟಿದ್ದರೆ ಹಸಿರು ಕಾಣುವವರೆಗೆ ಕಾಯಬೇಡಿ. ಆ ರಿಪೇರಿಯವರು ನಮ್ಮ ಬೋರ್ಡನ್ನು ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತಿಕ್ಕಿ ಜಿಡ್ಡು ತೆಗೆದರು. ಆಮೇಲೆ ಬಿಸಿನೀರಿನಲ್ಲಿ ಮೆತ್ತನೆಯ ಬ್ರಷ್ಷು, ಮತ್ತೆ ಆಲ್ಕೋಹಾಲು, ಕೊನೆಗೆ ಚೆನ್ನಾಗಿ ಒಣಗಿಸುವುದು. ಪರದೆ, ಸ್ಪೀಕರ್ ಬೇರೆ ಮಾಡಿಟ್ಟೇ ಇದನ್ನೆಲ್ಲ ಮಾಡಬೇಕು. ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರ್ ಸುರಿಯಬೇಡಿ, ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ. ನಮ್ಮದರಲ್ಲಿ ಪೇಸ್ಟಿನ ಆಸಿಡ್ ರಿಬ್ಬನ್ ಕನೆಕ್ಟರಿನ ಕಾಲಿಗೂ ಇಳಿದಿತ್ತು. ಅವರು ಕೈಯಾಡಿಸಿ ನೋಡಿ, ಇನ್ನು ಆಗುವುದಿಲ್ಲ ಅಂತ ಬೋರ್ಡನ್ನು ವಾಪಸ್ ಕೊಟ್ಟರು, ದುಡ್ಡೂ ತೆಗೆದುಕೊಳ್ಳಲಿಲ್ಲ.

ಮಾರಿದವರಿಗೆ ಫೋಟೊ ಕಳಿಸಿದೆವು. “ಬಳಸಿದ ವಸ್ತು ವಾಪಸ್ ತೆಗೆದುಕೊಳ್ಳುವುದಿಲ್ಲ, ಬಳಸಿದವರದ್ದೇ ತಪ್ಪು” ಅಂತ ಉತ್ತರ. ಇಷ್ಟಕ್ಕೇ ಸುಮ್ನಾಗಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ, ವಿವರದಲ್ಲಿ ಹೇಳಿದ್ದು ಒಂದು, ಬಂದದ್ದು ಇನ್ನೊಂದು ಆದರೆ ಮಾರುವವರು ವಾಪಸ್ ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ. ವಸ್ತುವಿನ ವಿವರದ ಸ್ಕ್ರೀನ್‌ಶಾಟ್, ಬಿಲ್ಲು, ಡಬ್ಬಿಯ ಫೋಟೊ ಇಟ್ಟುಕೊಂಡು 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ನಮಗೆ ಕಿಟ್ಟಿನ ದುಡ್ಡು ಹಾಗೇ ಬಂತು. ಗೇಮ್ ಬಾಯಿಗೆ ಬಿಲ್ಲೇ ಇಲ್ಲ, ಅದರ ಲೆಕ್ಕ ಯಾರ ಹತ್ತಿರ ಕೇಳುವುದು?

ಕಿಟ್ ಮಾರಿದವರು ಈಗಲೂ ಅದನ್ನೇ ಮಾರುತ್ತಿದ್ದಾರೆ. ಡಬ್ಬಿಯ ಬಣ್ಣ ಬದಲಾಗಿದೆ, ‘ನೋ ಕ್ಲೀನ್’ ಹಾಗೇ ಇದೆ. ಚಿತ್ರ ನೋಡಿ ಗುರುತು ಹಿಡಿಯಲು ಹೋಗಬೇಡಿ, ಮೊಳೆಗೆ ಹಚ್ಚಿ ನೋಡಿ.