ನೀಲಿ ಫೋಟೊರಿಯಾಕ್ಟರ್: ಡಿಮ್ಮರ್‌ಗೆ ಪೂರ್ಣ ಅಂಕ, ಕೈಪಿಡಿಗೆ ಸೊನ್ನೆ

ಮೊದಲೆಲ್ಲ ನಮ್ಮ ಲ್ಯಾಬಿನಲ್ಲಿ ಬೀಕರಿನ ಒಳಗೋಡೆಗೆ ಎಲ್‌ಇಡಿ ಪಟ್ಟಿ ಅಂಟಿಸಿಕೊಂಡು ಕೆಲಸ ಸಾಗಿಸುತ್ತಿದ್ದೆವು. ಈಗ ಬಂದಿರುವುದು ಫೋಟೊರಿಯಾಕ್ಟರ್, ಅಂದರೆ 450 ನ್ಯಾನೊಮೀಟರಿನ ನೀಲಿ ಬೆಳಕಿನಿಂದ ರಾಸಾಯನಿಕ ಕ್ರಿಯೆ ನಡೆಸುವ ಡಬ್ಬಿ: ತಳದಲ್ಲಿ ಕಲಕುವ ಸ್ಟರರ್, ಹಿಂದೆ ಫ್ಯಾನ್, ವಯಲ್ (ದ್ರಾವಣದ ಪುಟ್ಟ ಸೀಸೆ) ಅಲ್ಲಾಡದಂತೆ ಗೂಡು. ನಾನು ಬಳಸುವ ರುಥೇನಿಯಂ ಕೆಟಲಿಸ್ಟ್ (ಕ್ರಿಯೆಗೆ ವೇಗ ಕೊಡುವ ವಸ್ತು) ಬೆಳಕು ಹೀರುವುದೂ ಸುಮಾರು 452ರ ಬಳಿ, ಹಾಗಾಗಿ ಜೋಡಿ ಸರಿಹೋಯಿತು. ಫ್ಯಾನ್ ಗಲಾಟೆ ಮಾಡುತ್ತದೆ, ಆದರೆ ವಯಲ್ ಬಿಸಿಯಾಗಲು ಬಿಡುವುದಿಲ್ಲ.

ನನಗೆ ಹಿಡಿಸಿದ್ದು ಬೆಳಕು ಏರಿಸಿ ಇಳಿಸುವ ಡಿಮ್ಮರ್. ಬ್ರೋಮಿನ್ ಇರುವ ಬ್ರೋಮೊಮೆಲೊನೇಟನ್ನು ಆಲ್ಕೀನಿಗೆ (ಜೋಡಿಬಂಧವಿರುವ ಇಂಗಾಲದ ಸಂಯುಕ್ತಕ್ಕೆ) ಸೇರಿಸುವಾಗ ಬೆಳಕನ್ನು ಅರ್ಧಕ್ಕಿಳಿಸಿದೆ. ವೇಗ ಅರ್ಧಕ್ಕೆ ಬೀಳಲಿಲ್ಲ, ಶೇ. 70ರ ಆಸುಪಾಸಿನಲ್ಲೇ ನಿಂತಿತು. ಸರಪಳಿ ಕ್ರಿಯೆಯ ಗುರುತು ಇದು. ಬೆಳಕಿನಿಂದ ಚುರುಕಾದ ಕೆಟಲಿಸ್ಟ್ ಬ್ರೋಮೊಮೆಲೊನೇಟಿಗೆ ಒಂದು ಎಲೆಕ್ಟ್ರಾನ್ ದಾಟಿಸುತ್ತದೆ. ಬ್ರೋಮಿನ್ ಕಳಚಿ, ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಚುರುಕು ಅಣು, ಅಂದರೆ ರ್‍ಯಾಡಿಕಲ್ ಹುಟ್ಟುತ್ತದೆ. ಅದು ಆಲ್ಕೀನಿಗೆ ಕೂಡಿ ಹೊಸ ರ್‍ಯಾಡಿಕಲ್ ಆಗುತ್ತದೆ, ಆ ಹೊಸದು ಇನ್ನೊಂದು ಬ್ರೋಮೊಮೆಲೊನೇಟಿನಿಂದ ಬ್ರೋಮಿನ್ ಕಿತ್ತುಕೊಂಡರೆ ಉತ್ಪನ್ನ ಸಿದ್ಧ, ಮೊದಲಿನ ರ್‍ಯಾಡಿಕಲ್ಲೂ ಮತ್ತೆ ಸಿದ್ಧ. ಈ ಸುತ್ತಿಗೆ ಹೊಸ ಫೋಟಾನ್ (ಬೆಳಕಿನ ಕಣ) ಬೇಕಿಲ್ಲ. ಎರಡು ರ್‍ಯಾಡಿಕಲ್ ಪರಸ್ಪರ ಸಿಕ್ಕಿದಾಗ ಮಾತ್ರ ಸರಪಳಿ ಕಡಿಯುತ್ತದೆ. ಬೆಳಕು ಹೆಚ್ಚಿದಷ್ಟೂ ಅಂಥ ಭೇಟಿಗಳೂ ಹೆಚ್ಚುವುದರಿಂದ ವೇಗ ಬೆಳಕಿನ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ‘ಅತಿ ಹೆಚ್ಚು ಪವರ್’ ಎಂಬ ಜಾಹೀರಾತಿಗೆ ಮರುಳಾಗುವವರು ಇದನ್ನು ಲೆಕ್ಕ ಹಾಕಿ ನೋಡಲಿ.

ಕೈಪಿಡಿಯ ಮಾತಂತೂ ಒಪ್ಪುವಂಥದ್ದಲ್ಲ. ದೀಪ ಆರಿಸಿದಾಗ ಕ್ರಿಯೆ ನಿಂತರೆ ಸರಪಳಿ ಇಲ್ಲವೆಂದು ತಿಳಿಯಿರಿ, ಎನ್ನುತ್ತದೆ. ಇಂಥ ಸರಪಳಿಗಳು ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ, ಇಲ್ಲವೇ ಅದಕ್ಕೂ ಬೇಗ ಸಾಯುತ್ತವೆ. ಹತ್ತು ನಿಮಿಷದ ಕತ್ತಲೆಯಲ್ಲಿ ಏನು ಕಂಡೀತು? ಸರಪಳಿ ಇದೆಯೇ ಎಂದು ತಿಳಿಯಲು ಫೋಟಾನ್ ಎಣಿಸಬೇಕು. ಮ್ಯಾಕ್‌ಮಿಲನ್ ಎಂಬ ರಸಾಯನ ವಿಜ್ಞಾನಿಯ ಗುಂಪು 2008ರಲ್ಲಿ ಪ್ರಕಟಿಸಿದ, ಬೆಳಕಿನಿಂದ ನಡೆಯುವ ಇನ್ನೊಂದು ಕ್ರಿಯೆಯಾದ ಆಲ್ಡಿಹೈಡ್ ಆಲ್ಕೈಲೇಷನ್‌ಗೆ ಯೂನ್ ಎಂಬ ಇನ್ನೊಬ್ಬ ವಿಜ್ಞಾನಿಯ ಗುಂಪು 2015ರಲ್ಲಿ ಹೀಗೆ ಎಣಿಸಿದಾಗ ಕ್ವಾಂಟಂ ಇಳುವರಿ 18 ಬಂತು: ಒಂದು ಫೋಟಾನಿಗೆ ಹದಿನೆಂಟು ಅಣು. ಒಂದಕ್ಕಿಂತ ಕಡಿಮೆ ಬಂದರೂ ಸರಪಳಿ ಇಲ್ಲವೆನ್ನುವಂತಿಲ್ಲ, ಸರಪಳಿ ಹುಟ್ಟುವಾಗಲೇ ಬಹಳಷ್ಟು ಫೋಟಾನ್ ವ್ಯರ್ಥವಾಗುತ್ತಿರಬಹುದು.

ಗೂಡು ಅಲ್ಲಾಡದ್ದರಿಂದ ಬಿದ್ದ ಬೆಳಕಿಗೆ ತಕ್ಕಂತೆ ಬದಲಾಗುವ ಫೆರಿಆಕ್ಸಲೇಟ್ ದ್ರಾವಣವನ್ನು ಅದೇ ಜಾಗದಲ್ಲಿಟ್ಟು ಫೋಟಾನ್ ಲೆಕ್ಕ ತೆಗೆಯುವುದು ಸುಲಭ. ಡಿಮ್ಮರಿನ ಅಂಕಿಗಳನ್ನು ಮಾತ್ರ ನಂಬಬೇಡಿ, ‘50’ ಎಂದಿರುವಲ್ಲಿ ಬೆಳಕು ಅರ್ಧವಿರುವುದಿಲ್ಲ. ಪ್ರತಿ ಗುರುತಿಗೂ ಅಳೆದುಕೊಳ್ಳಿ. ಮುಚ್ಚಳದ ಸಂದಿಯಿಂದ ನೀಲಿ ಬೆಳಕು ಸೋರುತ್ತದೆ, ಅದನ್ನು ತಡೆಯುವ ಕಿತ್ತಳೆ ಕನ್ನಡಕ ಜೊತೆಗೆ ಕೊಟ್ಟಿಲ್ಲ. ಅದನ್ನು ಬೇರೆಯಾಗಿಯೇ ಕೊಳ್ಳಬೇಕು.