ಕುಡಿತ ಬಿಟ್ಟ ಮೇಲೆ ನಿದ್ದೆ: ಬೆಂಗಳೂರಿನಲ್ಲಿ ಸಿಗುವುದರಲ್ಲಿ ಯಾವುದು ದುಡ್ಡಿಗೆ ಬಾಳುತ್ತದೆ?

ಕುಡಿತ ಬಿಟ್ಟು ಎರಡು ಮೂರು ವಾರ ಆಗಿದೆ. ಕೈ ನಡುಕ ನಿಂತಿದೆ, ಹಸಿವು ಮರಳಿದೆ, ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿಲ್ಲ. ಈ ಹಂತದಲ್ಲಿ ಜನ ಮೊದಲು ಹೋಗುವುದು ಬಡಾವಣೆಯ ಮೆಡಿಕಲ್ ಶಾಪಿಗೆ, ಆಮೇಲೆ ಗ್ರಂಧಿಗೆ ಅಂಗಡಿಗೆ, ಕೊನೆಗೆ ರಾತ್ರಿ ಎರಡು ಗಂಟೆಗೆ ಮೊಬೈಲಿನ ಆನ್‌ಲೈನ್ ಅಂಗಡಿಗೆ. ಅಲ್ಲಿ ಸಿಗುವ ಸರಕನ್ನೂ ನಗರದಲ್ಲಿ ಸಿಗುವ ಚಿಕಿತ್ಸೆಯನ್ನೂ ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆ ಇದು. ನಿದ್ದೆಗೆಟ್ಟವರು ಮತ್ತೆ ಬಾಟಲಿಗೆ ಮರಳುವ ಸಂಭವ ಹೆಚ್ಚು. ಆದ್ದರಿಂದ ಇಲ್ಲಿ ಕೆಟ್ಟ ಸರಕಿಗೆ ತೆರುವ ಬೆಲೆ ಬರೀ ದುಡ್ಡಿನದಲ್ಲ.

ಮೊದಲೇ ಒಂದು ಮಾತು. ದಿನವೂ ಹೆಚ್ಚು ಕುಡಿಯುವವರು, ಬೆಳಿಗ್ಗೆ ಎದ್ದ ಕೂಡಲೇ ಒಂದು ಪೆಗ್ ಬೇಕಾಗುವವರು, ವೈದ್ಯರಿಲ್ಲದೆ ಏಕಾಏಕಿ ನಿಲ್ಲಿಸಬಾರದು. ಕೊನೆಯ ಗುಟುಕಿನಿಂದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಬಡಬಡಿಕೆ, ಜ್ವರ, ಇಲ್ಲದ್ದು ಕಾಣುವುದು ಶುರುವಾದರೆ ಅದು ಜೀವಕ್ಕೆ ಅಪಾಯ. ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಮುಂದೆ ಹೇಳುವುದೆಲ್ಲ ಆ ಘಟ್ಟ ದಾಟಿದವರಿಗೆ.

ನಿದ್ದೆ ಯಾಕೆ ಹೋಗುತ್ತದೆ ಎಂಬುದು ಗೊತ್ತಿದ್ದರೆ ಸರಕು ಆರಿಸುವುದು ಸುಲಭ. ಮದ್ಯ ಮಿದುಳನ್ನು ಶಾಂತಗೊಳಿಸುವ ಗಾಬಾ ವ್ಯವಸ್ಥೆಗೆ ಒತ್ತು ಕೊಟ್ಟು, ಎಚ್ಚರಿಸುವ ಗ್ಲುಟಮೇಟನ್ನು ಅದುಮಿಡುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಮಿದುಳು ಅದಕ್ಕೆ ತಕ್ಕಂತೆ ತನ್ನ ಲೆಕ್ಕ ಬದಲಿಸಿಕೊಳ್ಳುತ್ತದೆ. ಮದ್ಯ ನಿಂತ ದಿನ ಎಚ್ಚರಿಸುವ ಕಡೆಯೇ ಮೇಲುಗೈ ಆಗುತ್ತದೆ. ಇಷ್ಟು ದಿನ ತಡೆಹಿಡಿದಿದ್ದ ಕನಸಿನ ನಿದ್ದೆ ಒಮ್ಮೆಲೇ ನುಗ್ಗುತ್ತದೆ. ಕುಡಿದ ಹಾಗೆ ಕನಸು ಬಿದ್ದು ಬೆವರುತ್ತ ಎಚ್ಚರವಾಗುವುದು ಇದರಿಂದಲೇ. ಅದು ಮತ್ತೆ ಕುಡಿತಕ್ಕೆ ಬಿದ್ದ ಲಕ್ಷಣವಲ್ಲ. ಮೊದಲ ವಾರಗಳ ಕಾಟ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ತಡವಾಗಿ ನಿದ್ದೆ ಹತ್ತುವುದು, ನಡುವೆ ಎಚ್ಚರವಾಗುವುದು ಹಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ವಾರದಲ್ಲಿ ಸರಿಮಾಡುತ್ತೇವೆ ಎಂದು ಮಾರುವ ಯಾವುದನ್ನೂ ನಂಬಬೇಡಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಅರಿಷ್ಟಗಳ, ಅಂದರೆ ಹುದುಗಿಸಿ ಮಾಡುವ ಆಯುರ್ವೇದ ಔಷಧಗಳ, ವಿಷಯದಲ್ಲಿ. ನಿದ್ದೆಗೆ, ನರಕ್ಕೆ ಒಳ್ಳೆಯದು ಎಂದು ಅಶ್ವಗಂಧಾರಿಷ್ಟ, ಸಾರಸ್ವತಾರಿಷ್ಟಗಳನ್ನು ಮನೆಯವರೇ ತಂದುಕೊಡುತ್ತಾರೆ. ಬಾಟಲಿಯನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿ. ಹುದುಗಿನಿಂದ ತಾನಾಗಿ ಹುಟ್ಟಿದ ಆಲ್ಕೋಹಾಲ್ ಶೇ 5ರಿಂದ 10 ಎಂದೋ, ಅದಕ್ಕೆ ಹತ್ತಿರದ ಅಂಕಿಯೋ ಇರುತ್ತದೆ. ವೈದ್ಯರು ಹೇಳುವ 15ರಿಂದ 30 ಮಿಲಿ ಪ್ರಮಾಣದಲ್ಲಿ ಅದು ಅಲ್ಪವೇ. ಆದರೆ ನಿದ್ದೆ ಬಾರದ ರಾತ್ರಿ ಅಳತೆಯ ಮುಚ್ಚಳವನ್ನು ಯಾರು ನೋಡುತ್ತಾರೆ? ಶೇ 8ರ ಅರಿಷ್ಟದ 450 ಮಿಲಿ ಬಾಟಲಿಯಲ್ಲಿ 36 ಮಿಲಿ ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇ 5ರ ದೊಡ್ಡ ಬಿಯರ್ ಬಾಟಲಿಯಲ್ಲಿ, ಅಂದರೆ 650 ಮಿಲಿಯಲ್ಲಿ, ಇರುವುದು 32.5 ಮಿಲಿ. ಗಂಟಲಿನಲ್ಲಿ ಆ ಉರಿ, ಮೂಗಿಗೆ ಆ ವಾಸನೆ ತಾಗಿದರೆ ಸಾಕು, ಹಳೆಯ ಆಸೆ ಕೆರಳುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಒಂದು ಚಮಚವೂ ಬೇಡ. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಆ ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರುತ್ತದೆ. ನಿದ್ದೆಗೆಂದು ಕೊಡುವ ಪ್ಯಾಸಿಫ್ಲೋರಾದಂಥ ಹೋಮಿಯೋಪತಿ ಮದರ್ ಟಿಂಕ್ಚರುಗಳಲ್ಲಿ ಆಲ್ಕೋಹಾಲ್ ಪ್ರಮಾಣ ಇನ್ನೂ ಹೆಚ್ಚು. ಕೆಲವು ಕೆಮ್ಮಿನ ಸಿರಪ್ಪುಗಳಲ್ಲೂ ಇರುತ್ತದೆ. ಆಯುರ್ವೇದವೇ ಬೇಕು ಎನ್ನುವವರು ಚೂರ್ಣವನ್ನೋ ಮಾತ್ರೆಯನ್ನೋ ಕೇಳಬಹುದು. ಆದರೆ ಅಶ್ವಗಂಧದಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಕುಡಿತದಿಂದ ಆಗಲೇ ದಣಿದ ಯಕೃತ್ತು ಇರುವವರು ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸದೆ ಅದನ್ನು ಮುಟ್ಟುವುದು ಸರಿಯಲ್ಲ.

ಮೆಡಿಕಲ್ ಶಾಪಿನ ಮಾತ್ರೆಗಳಿಗೆ ಬರೋಣ. ನಿದ್ದೆಗೆಂದು ಜನ ಕೇಳುವ ಆಲ್ಪ್ರಜೋಲಾಮ್, ಜೋಲ್ಪಿಡೆಮ್ ಎರಡೂ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಚೀಟಿ ನೋಡಿ, ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ಪುಸ್ತಕದಲ್ಲಿ ಬರೆದುಕೊಂಡೇ ಅಂಗಡಿಯವರು ಕೊಡಬೇಕು. ಚೀಟಿ ಇಲ್ಲದೆ ಕೊಡುವ ಅಂಗಡಿ ಉಪಕಾರ ಮಾಡುತ್ತಿಲ್ಲ. ಇವು ಕೆಲಸ ಮಾಡುವುದೂ ಮದ್ಯ ಮುಟ್ಟುವ ಗಾಬಾದ ಮೇಲೆಯೇ. ಮದ್ಯಕ್ಕೆ ಒಗ್ಗಿದ ಮಿದುಳು ಇವಕ್ಕೂ ಬೇಗ ಒಗ್ಗುತ್ತದೆ, ಪ್ರಮಾಣ ಏರುತ್ತ ಹೋಗುತ್ತದೆ. ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಬಿಡಿಸುವ ಮೊದಲ ದಿನಗಳಲ್ಲಿ ವೈದ್ಯರು ಇದೇ ಜಾತಿಯ ಔಷಧ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ. ಆ ಬಳಕೆ ಬೇರೆ, ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿಟ್ಟು ನುಂಗುವುದು ಬೇರೆ. ಅವಿಲ್‌ನಂಥ ಅಲರ್ಜಿ ಮಾತ್ರೆ ಒಂದೆರಡು ರಾತ್ರಿ ಮಂಪರು ತರುತ್ತದೆ, ಕೆಲವೇ ದಿನಗಳಲ್ಲಿ ಆ ಗುಣ ಹೋಗುತ್ತದೆ. ಉಳಿಯುವುದು ಬೆಳಗಿನ ತಲೆಭಾರ, ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟುವ ತೊಂದರೆ.

ನಿದ್ದೆಯ ಹಾರ್ಮೋನಾದ ಮೆಲಟೋನಿನ್‌ನ ಮಾತ್ರೆಯಿಂದ ದೊಡ್ಡ ಹಾನಿಯಿಲ್ಲ, ದೊಡ್ಡ ಲಾಭವೂ ಇಲ್ಲ. ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ನಿದ್ದೆ ಸರಾಸರಿ ಹತ್ತು ನಿಮಿಷಕ್ಕಿಂತಲೂ ಕಡಿಮೆಯಷ್ಟೇ ಬೇಗ ಹತ್ತುತ್ತದೆ. ಮಲಗುವ ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳಬೇಕು, ದಿಂಬಿಗೆ ತಲೆ ಇಟ್ಟು ನುಂಗಿದರೆ ಪ್ರಯೋಜನ ಕಡಿಮೆ. ಗಮ್ಮಿ, ಮೆಗ್ನೀಷಿಯಂ ಪುಡಿ, ತೂಕದ ಕಂಬಳಿಗಳಿಗೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯವಿಲ್ಲ. ನಿದ್ದೆ ಅಳೆಯುವ ವಾಚು ಕೂಡ ಬೇಡ. ಗಾಢ ನಿದ್ದೆ 38 ನಿಮಿಷ ಎಂದು ಅದು ತೋರಿಸುವ ಅಂದಾಜು ಲೆಕ್ಕ ನೋಡಿ ಆತಂಕ ಹೆಚ್ಚುತ್ತದೆ, ಅಷ್ಟೇ.

ಕಾಫಿಯ ಬಗ್ಗೆ ಬೆಂಗಳೂರಿನವರಿಗೆ ಹೇಳುವುದು ಕಷ್ಟದ ಕೆಲಸ, ಆದರೂ ಹೇಳಲೇಬೇಕು. ಬಾರಿಗೆ ಹೋಗುತ್ತಿದ್ದ ಸಂಜೆಯ ಹೊತ್ತನ್ನು ತುಂಬಲು ದರ್ಶಿನಿಯ ಮುಂದೆ ನಿಂತು ಬೈ-ಟು ಮೇಲೆ ಬೈ-ಟು ಕುಡಿಯುವವರು ಬಹಳ. ಕೆಫೀನ್ ಅರ್ಧ ಇಳಿಯಲು ಆರೋಗ್ಯವಂತರಲ್ಲೇ ಐದಾರು ಗಂಟೆ ಬೇಕು, ಯಕೃತ್ತು ಕೆಟ್ಟಿದ್ದರೆ ಇನ್ನೂ ಹೆಚ್ಚು. ಸಂಜೆ ಆರರ ಫಿಲ್ಟರ್ ಕಾಫಿಯ ಅರ್ಧ ಭಾಗ ಮಧ್ಯರಾತ್ರಿಯಲ್ಲೂ ರಕ್ತದಲ್ಲಿ ಓಡಾಡುತ್ತಿರುತ್ತದೆ. ಮಧ್ಯಾಹ್ನ ಊಟಕ್ಕೆ ಮೊದಲೇ ಕೊನೆಯ ಲೋಟ ಮುಗಿಸಿ. ಸಂಜೆಗೆ ಕೊತ್ತಂಬರಿ-ಜೀರಿಗೆ ಕಷಾಯ ಕೇಳಿ, ಅದರಲ್ಲಿ ಕೆಫೀನ್ ಇಲ್ಲ. ಸಿಗರೇಟೂ ನಿದ್ದೆ ಕೆಡಿಸುತ್ತದೆ, ರಾತ್ರಿಯ ಕೊನೆಯ ದಮ್ಮು ವಿಶೇಷವಾಗಿ. ಗಸಗಸೆ ಪಾಯಸ ಊಟವಾದ ಮೇಲೆ ಒಂದು ಸಣ್ಣ ಬಟ್ಟಲು ಕುಡಿದರೆ ತಪ್ಪೇನೂ ಇಲ್ಲ. ಮೂತ್ರ ಪರೀಕ್ಷೆ ಇರುವ ಚಿಕಿತ್ಸೆಯಲ್ಲಿರುವವರು ಮಾತ್ರ ಬಿಡುವುದು ಮೇಲು, ಗಸಗಸೆಯಿಂದ ಅಫೀಮು ಅಂಶ ಕಂಡಂತೆ ಫಲಿತಾಂಶ ಬರಬಹುದು.

ಇಡೀ ಪಟ್ಟಿಯಲ್ಲಿ ಅತ್ಯುತ್ತಮ ಎಂದು ಧೈರ್ಯವಾಗಿ ಹೇಳಬಹುದಾದ್ದು ಒಂದು ನೋಟ್‌ಬುಕ್ಕು, ಒಂದು ಅಲಾರಂ. ನಿದ್ರಾಹೀನತೆಗೆ ಇರುವ ವರ್ತನಾ ಚಿಕಿತ್ಸೆಯ ಜೀವಾಳ ಇವೆರಡೇ. ಎರಡು ವಾರ ದಿನವೂ ಬೆಳಿಗ್ಗೆ ಬರೆಯಿರಿ: ಹಾಸಿಗೆ ಸೇರಿದ ಹೊತ್ತು, ನಿದ್ದೆ ಹತ್ತಿದ ಅಂದಾಜು ಹೊತ್ತು, ಎಷ್ಟು ಸಲ ಎಚ್ಚರ, ಎದ್ದ ಹೊತ್ತು, ಕೊನೆಯ ಕಾಫಿ, ಹಗಲಿನ ತೂಕಡಿಕೆ. ರಾತ್ರಿ ಗಡಿಯಾರ ನೋಡಿ ಬರೆಯಬೇಡಿ, ಅಂದಾಜು ಸಾಕು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಿಎಂಟಿಸಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ಅರ್ಧ ಗಂಟೆ ತೂಕಡಿಸಿದ್ದೂ ನಿದ್ದೆಯೇ. ಅದನ್ನು ಬರೆಯದೆ ಬಿಡುವವರೇ ಹೆಚ್ಚು, ರಾತ್ರಿಯ ನಿದ್ದೆ ತಿನ್ನುವುದೂ ಅದೇ.

ಆಮೇಲೆ ಲೆಕ್ಕ. ರಾತ್ರಿ 10ರಿಂದ ಬೆಳಿಗ್ಗೆ 6.30ರವರೆಗೆ ಎಂಟೂವರೆ ಗಂಟೆ ಹಾಸಿಗೆಯಲ್ಲಿದ್ದು ಐದೂವರೆ ಗಂಟೆ ಮಾತ್ರ ನಿದ್ದೆಯಾಗಿದ್ದರೆ ದಕ್ಷತೆ, ಅಂದರೆ ಹಾಸಿಗೆಯ ಅವಧಿಯಲ್ಲಿ ನಿದ್ದೆಯ ಪಾಲು, ಸುಮಾರು ಶೇ 65. ಈಗ ಹಾಸಿಗೆಯ ಅವಧಿಯನ್ನೇ ಐದೂವರೆ ಗಂಟೆಗೆ ಇಳಿಸಿ: ರಾತ್ರಿ 12.30ಕ್ಕೆ ಮಲಗಿ, 6ಕ್ಕೆ ಏಳಿ. ಭಾನುವಾರವೂ 6ಕ್ಕೇ. ಐದು ಗಂಟೆಗಿಂತ ಕೆಳಗೆ ಇಳಿಸಬಾರದು. ವಾರದ ಸರಾಸರಿ ದಕ್ಷತೆ ಶೇ 85 ದಾಟಿದರೆ 15 ನಿಮಿಷ ಸೇರಿಸಿ, ಮುಂದಿನ ವಾರ ಮತ್ತೆ ನೋಡಿ. ಮಲಗಿ ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮಾತ್ರ ಮರಳಿ. ಒಂದೇ ಕೋಣೆಯ ಮನೆಯಾದರೆ ಕುರ್ಚಿ ಸಾಕು. ಹಾಸಿಗೆಯಿಂದ ಇಳಿಯುವುದು ಮುಖ್ಯ. ಮೊದಲ ವಾರ ಹಗಲು ತುಂಬ ಭಾರವಾಗಿರುತ್ತದೆ, ಬಹಳ ಜನ ಬಿಡುವುದು ಅಲ್ಲೇ. ಫಿಟ್ಸ್ ಬಂದ ಚರಿತ್ರೆ ಇರುವವರು, ಬೈಪೋಲಾರ್ ಇರುವವರು, ಕ್ಯಾಬ್-ಆಟೋ ಓಡಿಸುವವರು, ಕುಡಿತ ಬಿಟ್ಟು ಇನ್ನೂ ಕೆಲವೇ ವಾರವಾದವರು ಈ ಅವಧಿ ಇಳಿಸುವ ಭಾಗವನ್ನು ಚಿಕಿತ್ಸಕರಿಲ್ಲದೆ ಮಾಡಬಾರದು. ಏಳುವ ಹೊತ್ತನ್ನು ಕಟ್ಟುನಿಟ್ಟಾಗಿಡುವುದನ್ನು ಯಾರು ಬೇಕಾದರೂ ನಾಳೆಯಿಂದಲೇ ಶುರುಮಾಡಬಹುದು.

ಬೀದಿನಾಯಿ, ಪಕ್ಕದ ಸೈಟಿನ ಕಾಂಕ್ರೀಟ್ ಮಿಕ್ಸರ್ ಇರುವಲ್ಲಿ ಫೋಮ್ ಇಯರ್‌ಪ್ಲಗ್ ಒಳ್ಳೆಯ ಖರೀದಿ. ಕೆಲಸ ಮಾಡುತ್ತಿಲ್ಲ ಎನ್ನುವವರು ಅದನ್ನು ಕಿವಿಯ ಬಾಯಿಗೆ ಸುಮ್ಮನೆ ಒತ್ತಿರುತ್ತಾರೆ. ಬೆರಳಿನಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯ ಮೇಲ್ತುದಿಯನ್ನು ಎತ್ತಿ ಹಿಂದಕ್ಕೆಳೆದು ಒಳಗೆ ಸೇರಿಸಿ, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು.

ಚಿಕಿತ್ಸೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವೇ ಮೊದಲ ಆಯ್ಕೆ. ಜನಸಂದಣಿ ಹೆಚ್ಚು, ಕಾಯುವುದು ದೀರ್ಘ. ದಿನದ ರಜೆ ಹಾಕಿ, ಬೆಳಿಗ್ಗೆ ಬೇಗ, ಮನೆಯವರೊಬ್ಬರ ಜೊತೆ ಹೋಗಿ. ಹಳೆಯ ಚೀಟಿ, ಖಾಲಿ ಮಾತ್ರೆ ಹಾಳೆ, ಲಿವರ್ ಮತ್ತು ಕಿಡ್ನಿ ಪರೀಕ್ಷೆಯ ವರದಿ, ಆ ನಿದ್ದೆಯ ನೋಟ್‌ಬುಕ್ಕು ಕೈಯಲ್ಲಿರಲಿ. ನಿದ್ದೆಯ ತೊಂದರೆಯನ್ನು ಮೊದಲ ವಾಕ್ಯದಲ್ಲೇ ಹೇಳಿ, ಇಲ್ಲದಿದ್ದರೆ ಮಾತೆಲ್ಲ ಕುಡಿತದ ಸುತ್ತಲೇ ಮುಗಿದುಹೋಗುತ್ತದೆ. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆ ಕೊಟ್ಟಿದ್ದರೆ ಅದು ಕೆಲವರ ನಿದ್ದೆ ಕೆಡಿಸುತ್ತದೆ. ಬೆಳಿಗ್ಗೆ ನುಂಗಬಹುದೇ ಎಂದು ಕೇಳಿ. ಗೊರಕೆ ಜೋರಾಗಿದ್ದು, ನಡುವೆ ಉಸಿರು ಕಟ್ಟುತ್ತದೆ ಎಂದು ಪಕ್ಕದಲ್ಲಿ ಮಲಗುವವರು ಹೇಳಿದರೆ ಅದನ್ನೂ ತಿಳಿಸಿ. ಅದು ಸ್ಲೀಪ್ ಅಪ್ನಿಯಾ ಆಗಿದ್ದರೆ ನಿದ್ದೆ ಮಾತ್ರೆಯಿಂದ ಕೆಡುಕೇ ಹೆಚ್ಚು, ರಾತ್ರಿಯಿಡೀ ನಡೆಸುವ ನಿದ್ರಾ ಪರೀಕ್ಷೆ ಬೇಕು.

2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಉಚಿತ. ಇಡೀ ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮಾತ್ರೆ ಬರೆದುಕೊಡಲಿ ಎಂದು ಮಾಡುವ ಕರೆಯಲ್ಲ ಇದು. ರಾತ್ರಿ ಮೂರಕ್ಕೆ ಆಸೆ ಕೆರಳಿ ಒಂಟಿಯಾಗಿ ಕೂತಿರುವಾಗ ಮಾಡುವ ಕರೆ, ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ನಗರದಲ್ಲಿ ಇಲ್ಲ. ಸಂಜೆ ಏಳರ ಹೊತ್ತು ಕಳೆಯಲು ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿವೆ, ಕನ್ನಡದಲ್ಲೂ ನಡೆಯುತ್ತವೆ, ಶುಲ್ಕವಿಲ್ಲ.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮುನ್ನ ಮೂರು ಪ್ರಶ್ನೆ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಇದೆಯೇ, ಇದ್ದರೆ ಪ್ರಮಾಣಪತ್ರ ತೋರಿಸಿ. ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ. ರಾತ್ರಿ ನಿದ್ದೆಗೆ ಯಾವ ಮಾತ್ರೆ ಕೊಡುತ್ತೀರಿ, ಬಿಡುಗಡೆಗೆ ಮೊದಲು ಅದನ್ನು ಹೇಗೆ ಇಳಿಸುತ್ತೀರಿ. ಮೂರನೆಯದಕ್ಕೆ ಔಷಧದ ಹೆಸರು, ಮಿಲಿಗ್ರಾಂ ಹೇಳದೆ ನಾವು ನೋಡಿಕೊಳ್ಳುತ್ತೇವೆ ಎಂದಷ್ಟೇ ಉತ್ತರ ಬಂದರೆ ಮುಂಗಡ ಕೊಡಬೇಡಿ.