ಕುಮಾಸಿಯೋ ಟೆಚಿಮಾನೋ: ಘಾನಾದ ಸಂತೆ ನೋಡಹೊರಟವರಿಗೆ ಒಂದು ಹೋಲಿಕೆ

ಘಾನಾದಲ್ಲಿ ಒಂದೇ ಮಾರುಕಟ್ಟೆ ಪಟ್ಟಣವನ್ನು ಅಭ್ಯಾಸ ಮಾಡಲು ಸಮಯವಿರುವವರು ಸಾಮಾನ್ಯವಾಗಿ ಕುಮಾಸಿಯನ್ನೇ ಆರಿಸಿಕೊಳ್ಳುತ್ತಾರೆ. ಅಸಾಂಟೆ ಅರಸರ ರಾಜಧಾನಿಯಾಗಿದ್ದ ಈ ನಗರವನ್ನು 1874ರಲ್ಲಿ ಬ್ರಿಟಿಷರು ಸುಟ್ಟರು. 1903ರಲ್ಲಿ ಕರಾವಳಿಯಿಂದ ರೈಲು ಬಂದ ಮೇಲೆ ಕೋಕೋ ವ್ಯಾಪಾರ ಇಲ್ಲಿ ಬೇರೂರಿತು. ಮಳೆಕಾಡಿನ ವಲಯದಲ್ಲಿರುವ ಇಲ್ಲಿನ ಕೆಜೆಟಿಯಾ ಮಾರುಕಟ್ಟೆಯಲ್ಲಿ ಬಟ್ಟೆಯಿಂದ ಚಪ್ಪಲಿಯವರೆಗೆ ಎಲ್ಲವೂ ದಿನವೂ ದೊರೆಯುತ್ತದೆ.

ಆದರೆ ಸಂತೆಯೆಂಬುದು ಹೇಗೆ ಹುಟ್ಟುತ್ತದೆ ಎಂಬುದೇ ನಿಮ್ಮ ಕುತೂಹಲವಾಗಿದ್ದರೆ, ನನ್ನ ಮತ ಉತ್ತರದ ಟೆಚಿಮಾನ್‌ಗೆ. ಕಾಡು ಮುಗಿದು ಹುಲ್ಲುಗಾವಲು ತೊಡಗುವ ಅಂಚಿನಲ್ಲಿ, ಉತ್ತರ ದಕ್ಷಿಣದ ಹೆದ್ದಾರಿಗಳು ಕೂಡುವಲ್ಲಿ ಈ ಊರಿದೆ. ಆದ್ದರಿಂದ ಎರಡೂ ಕಡೆಯ ಬೆಳೆಗಳು ಇಲ್ಲಿ ಎದುರುಬದುರಾಗುತ್ತವೆ. ವಾರದ ಸಂತೆಗೆ ಬುರ್ಕಿನಾ ಫಾಸೊ, ನೈಜರ್‌ಗಳ ವರ್ತಕರೂ ಬರುತ್ತಾರೆ. ಯಾಮ್ ಗೆಡ್ಡೆಯನ್ನು ತೂಗುವುದಿಲ್ಲ, ನೂರರ ಲೆಕ್ಕದಲ್ಲಿ ಎಣಿಸಿ ರಾಶಿ ಹಾಕುತ್ತಾರೆ. ಒಂದೊಂದು ಸರಕಿನ ಮಾರಾಟಗಾರ್ತಿಯರಿಗೂ ಒಬ್ಬ ‘ರಾಣಿ’ ಇರುತ್ತಾಳೆ; ಜಗಳ ಬಿಡಿಸುವವಳೂ ಅವಳೇ. (ನಮ್ಮ ಎಪಿಎಂಸಿಯ ಕಾಯಿದೆ ಪುಸ್ತಕಕ್ಕೆ ನಿಲುಕದ ಅಧಿಕಾರವಿದು.)

ಇತಿಹಾಸದಲ್ಲೂ ಈ ಊರು ಚಿಕ್ಕದಲ್ಲ: ಇದು ಬೋನೊ ರಾಜ್ಯದ ನೆಲೆ, ಹದಿನೆಂಟನೆಯ ಶತಮಾನದ ಆರಂಭದಲ್ಲಿ ಅಸಾಂಟೆಗೆ ಸೋತದ್ದು. 2019ರಲ್ಲಿ ಹೊಸ ಬೋನೊ ಪೂರ್ವ ಪ್ರಾಂತದ ರಾಜಧಾನಿಯಾಯಿತು.

ಆಡಳಿತದ ಚೌಕಟ್ಟು ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ಸ್ಥಳೀಯ ಸಭೆಯ ಮುಖ್ಯಾಧಿಕಾರಿಯನ್ನು ರಾಷ್ಟ್ರಾಧ್ಯಕ್ಷರು ಹೆಸರಿಸುತ್ತಾರೆ, ಸಭೆ ಒಪ್ಪಬೇಕು, ಪಕ್ಕದಲ್ಲಿ ಸಾಂಪ್ರದಾಯಿಕ ಅರಸರ ಗಾದಿಯೂ ಇದೆ. ಅರಮನೆ, ವಸ್ತುಸಂಗ್ರಹಾಲಯಗಳು ಬೇಕಿದ್ದವರು ಕುಮಾಸಿಯಲ್ಲೇ ಉಳಿಯಲಿ. ಟೆಚಿಮಾನ್‌ಗೆ ಹೋಗುವವರು ಸಂತೆಯ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು.